ತಿರುಳ್ಗನ್ನಡ: ಒಂದು ಹಳೆಯ ಮಾತಿನ ವಿಚಾರ



ಈ ಕಿರುಹೊತ್ತಿಗೆಯಲ್ಲಿ ನಾವು ಗಡಿಯ ನಕಾಶೆಯನ್ನು ಬಿಚ್ಚಿ ಕೂಡ್ರುವದಿಲ್ಲ. ಆಯೋಗ, ವರದಿ, ಠರಾವುಗಳ ಮಾತು ಬೇರೆ ಕಡೆಗೆ ಬೇಕಾದಷ್ಟು ಆಗಿರುತ್ತದೆ. ಇಂದು ಒಂದೇ ಒಂದು ಶಬ್ದದ ವಿಚಾರವನ್ನು ತಮ್ಮೆದುರಿಗೆ ಇಡಬೇಕೆಂದಿದ್ದೇವೆ. ಶಬ್ದವೊಂದರಿಂದ ಏನಾಗುವದಿದೆ ಎಂದು ಕೆಲವರು ಕೇಳಬಹುದು. ಆ ಶಬ್ದವು ನಮ್ಮೂರಿನ ಒಂದು ಮಗುವಿನ ಕಣ್ಣಲ್ಲಿ ನೀರು ತರಿಸಿದ್ದರಿಂದ ಅದರ ವಿಚಾರಕ್ಕೆ ಕೈ ಹಾಕಿದ್ದೇವೆ.

ನಡೆದದ್ದು ಇಷ್ಟು. ಗಡಿಯಾಚೆಯ ಒಂದು ಊರಿನಲ್ಲಿ ಶಾಲಾ ಮಕ್ಕಳಿಗಾಗಿ ಕನ್ನಡ ಪ್ರಬಂಧದ ಸ್ಪರ್ಧೆಯನ್ನು ಏರ್ಪಡಿಸಿದ್ದರು. ನಮ್ಮ ಭಾಗದ ಕನ್ನಡ ಶಾಲೆಯಲ್ಲಿ ಓದುವ ಬಾಲಕಿಯೊಬ್ಬಳು ಸುಗ್ಗಿಯನ್ನು ಕುರಿತು ಬರೆದಳು. ಎರಿ ಹೊಲ, ಸೀತನಿ, ರಾಶಿಯಾದ ಜೋಳವನ್ನು ಅಜ್ಜನ ಕಾಲದಲ್ಲಿ ಹಗೇವಿಗೆ ತುಂಬುತ್ತಿದ್ದ ಬಗೆ, ಸುಗ್ಗಿಗೆ ಬರುವ ಪಾವಣೇರು, ಎಲ್ಲವನ್ನೂ ಆ ಮಗು ಮನೆಯಲ್ಲಿ ಕೇಳಿದ ಮಾತಿನಲ್ಲಿಯೇ ಬರೆದಿತ್ತು. ಹಾಳೆ ಮರಳಿ ಬಂದಾಗ ಎರಿ, ಸೀತನಿ, ಹಗೇವು, ಪಾವಣೇರು ಎಂಬ ನಾಲ್ಕು ಶಬ್ದಗಳ ಸುತ್ತ ಕೆಂಪು ಗೆರೆ ಎಳೆಯಲಾಗಿತ್ತು. ಅಂಚಿನಲ್ಲಿ ಹೀಗೆ ಬರೆದಿದ್ದರು: ಮರಾಠಿ ಮಾತುಗಳನ್ನು ಬಿಟ್ಟು ತಿರುಳ್ಗನ್ನಡವನ್ನು ರೂಢಿಸಿಕೊಳ್ಳಿರಿ.

ಪರೀಕ್ಷಕರು ಯಾರೆಂಬುದು ಇಲ್ಲಿ ಮುಖ್ಯವಲ್ಲ. ಅವರ ಮನಸ್ಸಿನಲ್ಲಿ ಕೆಡಕು ಇತ್ತೆಂದೂ ನಾವು ಭಾವಿಸುವದಿಲ್ಲ. ಗಡಿಯ ಹಳ್ಳಿಯಿಂದ ಬಂದ ಶಬ್ದವೊಂದು ತಮಗೆ ತಿಳಿಯದಾದಾಗ ಅದು ಮರಾಠಿಯೇ ಇರಬೇಕೆಂದು ಊಹಿಸುವದು ಒಳನಾಡಿನ ಅನೇಕರಿಗೆ ರೂಢಿಯಾಗಿಬಿಟ್ಟಿದೆ. ಆದರೆ ಆ ನಾಲ್ಕರಲ್ಲಿ ಮೂರು ಶಬ್ದಗಳು ಕನ್ನಡದವು. ಎರೆ ಎಂದರೆ ಕಪ್ಪು ನೆಲ. ಅದನ್ನು ನಾವು ಎರಿ ಎನ್ನುತ್ತೇವೆ, ಧಾರವಾಡ-ವಿಜಯಪುರದ ಕಡೆಗೂ ಹಾಗೆಯೇ ಎನ್ನುತ್ತಾರೆ. ಸೀ ಎಂದರೆ ಸಿಹಿ, ತೆನೆ ಎಂದರೆ ತೆನೆ. ಸೀತೆನೆಯು ಬಾಯಿಂದ ಬಾಯಿಗೆ ಹೋಗುತ್ತ ಸೀತನಿಯಾಯಿತು. ಹಾಲುಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಬಡಿದು ತಿನ್ನುವ ಆ ಪದಾರ್ಥಕ್ಕೆ ಮರಾಠಿಯವರು ಹುರಡಾ ಎನ್ನುತ್ತಾರೆ. ಹಗೇವು ಎಂದರೆ ನೆಲದೊಳಗಿನ ಕಣಜ. ಮರಾಠಿಯಲ್ಲಿ ಅದಕ್ಕೆ ಪೇವ ಎಂದು ಹೆಸರು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟನ್ನು ತೆರೆದು ನೋಡಿದ್ದರೆ ಸಾಕಾಗಿತ್ತು. ಉಳಿದದ್ದು ಪಾವಣೇರು. ಅದು ಮರಾಠಿಯ ಪಾಹುಣೆ ಎಂಬುದರಿಂದ ಬಂದದ್ದು ನಿಜ. ನಾಲ್ಕರಲ್ಲಿ ಒಂದು ತಪ್ಪಿಗೆ ನಾಲ್ಕೂ ಶಬ್ದಗಳಿಗೆ ಶಿಕ್ಷೆಯಾಯಿತು. ಆ ಒಂದಾದರೂ ತಪ್ಪೇ ಎಂಬ ಪ್ರಶ್ನೆಯನ್ನು ಮುಂದೆ ನೋಡೋಣ.

ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಅಂಚಿನಲ್ಲಿ ಬರೆದ ಆ ತಿರುಳ್ಗನ್ನಡ ಎಂಬ ಮಾತು. ಬಾಲಕಿಗೆ ಅದರ ಅರ್ಥ ತಿಳಿಯಲಿಲ್ಲ. ಮನೆಯವರನ್ನು ಕೇಳಿದಳು, ಅವರಿಗೂ ತಿಳಿಯಲಿಲ್ಲ. ಇಷ್ಟು ದೊಡ್ಡ ಮಾತಿನಿಂದ ಬೈದಿದ್ದಾರೆಂದ ಮೇಲೆ ತಪ್ಪು ದೊಡ್ಡದೇ ಇರಬೇಕೆಂದು ಅವಳು ಅತ್ತಳು. ಅವಳಿಗೆ ಹೇಳಬೇಕಾದುದನ್ನೇ ಇಲ್ಲಿ ತಮಗೆ ಹೇಳುತ್ತೇವೆ.

ತಿರುಳ್ ಎಂಬುದು ಅಪ್ಪಟ ಕನ್ನಡದ ಶಬ್ದ. ಹಣ್ಣಿನ ಸಿಪ್ಪೆಯ ಒಳಗಿನ ಮೆದು ಭಾಗ, ಕಾಯಿಯ ಕರಟದೊಳಗಿನ ಕೊಬ್ಬರಿ, ಬೀಜದ ಹೊಟ್ಟಿನೊಳಗಿನ ಪಪ್ಪು, ಇವೆಲ್ಲವೂ ತಿರುಳೇ. ಅಲ್ಲಿಂದ ಮುಂದೆ ಮಾತಿನ ಸಾರಕ್ಕೂ ವಿಷಯದ ಸತ್ವಕ್ಕೂ ಅದೇ ಹೆಸರಾಯಿತು. ಹಳಗನ್ನಡದಲ್ಲಿ ಶಬ್ದವು ವ್ಯಂಜನದಲ್ಲಿಯೇ ನಿಲ್ಲಬಲ್ಲದು. ಪಾಲ್, ಕಣ್, ತಿರುಳ್ ಎಂದರೆ ಅಲ್ಲಿಗೆ ಮುಗಿಯಿತು. ನಾವು ಅದಕ್ಕೆ ಉಕಾರವನ್ನು ಸೇರಿಸಿ ಹಾಲು, ಕಣ್ಣು, ತಿರುಳು ಎನ್ನುತ್ತೇವೆ. ತಿರುಳ್ ಎಂಬುದರ ಮುಂದೆ ಕನ್ನಡ ಎಂಬುದು ಬಂದಾಗ ಕಕಾರಕ್ಕೆ ಗಕಾರವು ಆದೇಶವಾಗಿ ತಿರುಳ್ಗನ್ನಡವಾಗುತ್ತದೆ. ಮಳೆಗಾಲ, ಹಳಗನ್ನಡ ಎಂಬಲ್ಲಿ ಆಗುವ ಸಂಧಿಯೇ ಇದು. ಏಳನೆಯ ಇಯತ್ತೆಯ ಹುಡುಗರೂ ಬಲ್ಲರು.

ಅರ್ಥವು ಇಷ್ಟು ಸರಳವಾಗಿದ್ದರೂ ಈ ಶಬ್ದದಲ್ಲಿ ಒಂದು ತೊಡಕಿದೆ. ತಿರುಳು ಎಂದೊಡನೆ ಸಿಪ್ಪೆಯ ನೆನಪು ಬರುತ್ತದೆ. ಒಂದು ಕನ್ನಡವು ತಿರುಳಾದರೆ ಮತ್ತೊಂದು ಕನ್ನಡವು ಸಿಪ್ಪೆಯಾಗಬೇಕಲ್ಲವೇ? ಸಿಪ್ಪೆಯಿರುವದು ಅಂಚಿನಲ್ಲಿ, ನಾವಿರುವದೂ ಅಂಚಿನಲ್ಲಿ. ಆ ಕೆಂಪು ಶಾಯಿಯ ಹಿಂದೆ ಇದ್ದ ತರ್ಕ ಇದೇ ಆಗಿತ್ತು. ಈ ತರ್ಕವು ಎಷ್ಟು ನಿಲ್ಲುತ್ತದೆಂಬುದನ್ನು ಶಬ್ದವನ್ನು ಮೊದಲು ಬಳಸಿದವರ ಹತ್ತಿರವೇ ಹೋಗಿ ಕೇಳಬೇಕು.

ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ಗ್ರಂಥವು ಕವಿರಾಜಮಾರ್ಗ. ಸುಮಾರು ಕ್ರಿ.ಶ. 850ರ ಹೊತ್ತಿಗೆ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯನು ಅದನ್ನು ರಚಿಸಿದನು. ದಂಡಿಯ ಕಾವ್ಯಾದರ್ಶದ ದಾರಿಯಲ್ಲಿ ನಡೆಯುವ ಮೂರು ಪರಿಚ್ಛೇದಗಳ ಲಕ್ಷಣಗ್ರಂಥವದು. ಅದನ್ನು 1898ರಲ್ಲಿ ಮೊದಲು ಅಚ್ಚಿಗೆ ಸಂಪಾದಿಸಿಕೊಟ್ಟವರು ಕೆ. ಬಿ. ಪಾಠಕರು, ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸಿದ ವಿದ್ವಾಂಸರು. ಕನ್ನಡದ ಆದಿಗ್ರಂಥದ ಉದ್ಧಾರಕ್ಕೆ ಪುಣೆಯ ಪಂಡಿತರ ಕೈ ತಾಗಿದ್ದನ್ನು ನಮ್ಮ ಭಾಷಣಕಾರರು ಆಗಾಗ ನೆನೆದರೆ ಒಳ್ಳೆಯದು.

ಈ ಗ್ರಂಥದಲ್ಲಿ ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿದೆಯೆಂದು ಹೇಳಿರುವದನ್ನು ನಮ್ಮವರೆಲ್ಲರೂ ಬಲ್ಲರು. ಎಲ್ಲ ಸಭೆಗಳಲ್ಲಿಯೂ ಅದು ಕೇಳಿಬರುತ್ತದೆ. ಅದರ ಬೆನ್ನಿಗೇ ಇರುವ ಇನ್ನೊಂದು ಪದ್ಯವನ್ನು ಅಷ್ಟಾಗಿ ಯಾರೂ ನೆನೆಯುವದಿಲ್ಲ. ಆ ನಾಡಿನೊಳಗೆ ಕಿಸುವೊಳಲ್, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡು ಕನ್ನಡದ ತಿರುಳೆಂದು ಅಲ್ಲಿ ಹೇಳಿದೆ. ಕಿಸುವೊಳಲ್ ಎಂದರೆ ಇಂದಿನ ಬಾಗಲಕೋಟ ಜಿಲ್ಲೆಯ ಪಟ್ಟದಕಲ್ಲು. ಕೊಪಣವು ಕೊಪ್ಪಳ. ಪುಲಿಗೆರೆಯು ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಒಂಕುಂದವು ಬೆಳಗಾವಿ ಜಿಲ್ಲೆಯಲ್ಲಿ ಮಲಪ್ರಭೆಯ ದಂಡೆಯ ಮೇಲಿರುವ ಒಕ್ಕುಂದ. ಈ ನಾಲ್ಕನ್ನೂ ಗೆರೆಯೆಳೆದು ಕೂಡಿಸಿದರೆ ಹೆಚ್ಚು ಕಡಿಮೆ ಮಲಪ್ರಭೆಯ ಬಯಲು ಹಾಗೂ ಅದರ ತೆಂಕಣ ನೆಲವು ಒಳಗೆ ಬರುತ್ತದೆ. ವಾಗದರಿಯು ಅದರಿಂದ ಬಹು ದೂರ. ಅಕ್ಕಲಕೋಟೆಯೂ ಸೊಲ್ಲಾಪುರವೂ ದೂರ. ಹಾಗಾದರೆ ಕೆಂಪು ಶಾಯಿಯ ಮಾತೇ ನಿಜವಾಯಿತೆಂದು ಯಾರಾದರೂ ಎದ್ದು ನಿಲ್ಲಬಹುದು.

ಅವರು ಒಂದು ಕ್ಷಣ ಕುಳಿತುಕೊಳ್ಳಲಿ. ಈ ಮಾತನ್ನು ಬರೆದ ಶ್ರೀವಿಜಯನ ಆಸ್ಥಾನವೆಲ್ಲಿತ್ತು? ರಾಷ್ಟ್ರಕೂಟರ ರಾಜಧಾನಿಯು ಮಾನ್ಯಖೇಟ, ಅಂದರೆ ಕಲಬುರ್ಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿನ ಮಳಖೇಡ. ನಮ್ಮೂರಿಂದ ಆಳಂದದ ಹಾದಿ ಹಿಡಿದು ಕಲಬುರ್ಗಿಯನ್ನು ದಾಟಿ ಮುಂದೆ ಹೋದರೆ ಆ ಊರು ಸಿಗುತ್ತದೆ. ಅದು ಆ ನಾಲ್ಕು ಊರುಗಳ ನಡುವೆ ಇಲ್ಲ. ಚಕ್ರವರ್ತಿಯ ಎದುರಿಗೆ ಕುಳಿತು, ಅವನ ಹೆಸರಿನಲ್ಲಿಯೇ ಗ್ರಂಥವನ್ನು ಬರೆಯುತ್ತಿದ್ದ ಕವಿಗೆ ರಾಜಧಾನಿಯ ಕನ್ನಡವೇ ತಿರುಳೆಂದು ಹೇಳುವದು ಎಷ್ಟು ಸುಲಭವಾಗಿತ್ತು! ಅವನು ಹಾಗೆ ಹೇಳಲಿಲ್ಲ. ತಾನಿರುವ ನೆಲದ ಮಾತನ್ನು ಬಿಟ್ಟು ದೂರದ ಮಲಪ್ರಭೆಯ ಬಯಲನ್ನು ಬೊಟ್ಟು ಮಾಡಿ ತೋರಿಸಿದನು. ತಿರುಳ್ ಎಂಬ ಮಾತನ್ನು ಮೊದಲು ಆಡಿದ್ದು ತಿರುಳಿನ ಹೊರಗಿನ ನೆಲ.

ಇನ್ನು ಪಂಪನನ್ನು ನೋಡಿರಿ. ಕ್ರಿ.ಶ. 941ರಲ್ಲಿ ವಿಕ್ರಮಾರ್ಜುನವಿಜಯವನ್ನು ಮುಗಿಸಿದ ಆ ಮಹಾಕವಿಯು ತನ್ನ ಕನ್ನಡವು ಪುಲಿಗೆರೆಯ ತಿರುಳಿನದೆಂದು ಹೆಮ್ಮೆಯಿಂದ ಹೇಳಿಕೊಂಡನು. ಅವನು ಹಾಗೆ ಹೇಳಿದ್ದು ಪುಲಿಗೆರೆಯ ಚಾವಡಿಯಲ್ಲಿ ಕುಳಿತಲ್ಲ, ಅರಿಕೇಸರಿಯ ವೇಮುಲವಾಡದಲ್ಲಿ. ಆ ವೇಮುಲವಾಡವು ಇಂದು ತೆಲಂಗಾಣದಲ್ಲಿದೆ. ಪಂಪನ ತಂದೆಯ ಕಡೆಯವರು ವೆಂಗಿನಾಡಿನವರು, ತಾಯಿಯ ಕಡೆಯಿಂದ ಅಣ್ಣಿಗೇರಿಯ ನಂಟು. ಅವನ ತಮ್ಮ ಜಿನವಲ್ಲಭನು ಕರೀಂನಗರದ ಕಡೆಯ ಕುರ್ಕಿಯಾಲದ ಬಂಡೆಯ ಮೇಲೆ ಬರೆಸಿದ ಶಾಸನದಲ್ಲಿ ಸಂಸ್ಕೃತ, ಕನ್ನಡ, ತೆಲುಗು ಮೂರೂ ಇವೆ. ಒಂದೇ ಮನೆಯಲ್ಲಿ ಮೂರು ಭಾಷೆಗಳು ಉಂಡು ಬೆಳೆದ ಕುಟುಂಬವದು! ಇಂದಿನ ನಮ್ಮ ಪರೀಕ್ಷಕರ ಕೈಗೆ ಜಿನವಲ್ಲಭನ ಶಾಸನವು ಸಿಕ್ಕಿದ್ದರೆ ಎಷ್ಟು ಶಾಯಿ ಖರ್ಚಾಗುತ್ತಿತ್ತೋ ಹೇಳಲಾಗದು.

ಆ ಮೇಲೆ ರನ್ನ. ಇವನು ಮುದುವೊಳಲಿನವನು, ಅಂದರೆ ಇಂದಿನ ಮುಧೋಳ. ತಿರುಳಿನ ನಾಡಿಗೆ ನೆರೆಯವನು. ಪುಲಿಗೆರೆ ಮುನ್ನೂರು, ಬೆಳ್ವೊಲ ಮುನ್ನೂರು ಎಂಬ ನಾಡುಗಳ ಕನ್ನಡವನ್ನು ತಿರುಳ್ಗನ್ನಡವೆಂದು ಅವನೂ ಎತ್ತಿ ಹೇಳುತ್ತಾನೆ. ಅಂತೂ ಮೂವರ ಬಾಯಲ್ಲಿಯೂ ಈ ಶಬ್ದವು ಕಾವ್ಯಕ್ಕೆ ಆಯ್ದುಕೊಂಡ ಒಂದು ಮೇಲ್ಪಂಕ್ತಿಯ ಹೆಸರು. ಕವಿಯು ತಾನು ಹಿಡಿದ ದಾರಿ ಯಾವುದೆಂದು ಹೇಳುವಾಗ ಈ ಮಾತನ್ನು ಬಳಸಿದ್ದಾನೆ. ಇತರರ ಮಾತನ್ನು ಹಳಿಯುವದಕ್ಕಾಗಿ ಬಳಸಿದ್ದನ್ನು ನಾವು ಕಂಡಿಲ್ಲ.

ಹಳಿಯದೆ ಇದ್ದದ್ದಷ್ಟೇ ಅಲ್ಲ. ಅದೇ ಕವಿರಾಜಮಾರ್ಗದಲ್ಲಿ ಇನ್ನೊಂದು ಶಬ್ದವಿದೆ. ನಮ್ಮ ಅಭಿಪ್ರಾಯದಲ್ಲಿ ಅದು ತಿರುಳಿಗಿಂತ ಹೆಚ್ಚು ಬೆಲೆಯುಳ್ಳದ್ದು. ಅದು ಕನ್ನಡಂಗಳ್. ಮರ ಎಂಬುದಕ್ಕೆ ಮರಂಗಳ್ ಎಂದು ಬಹುವಚನವಾಗುವಂತೆ ಕನ್ನಡ ಎಂಬುದಕ್ಕೆ ಕನ್ನಡಂಗಳ್ ಎಂದು ಬಹುವಚನ. ಕನ್ನಡವೊಂದಲ್ಲ, ಕನ್ನಡಗಳು! ಈ ಕನ್ನಡಗಳಲ್ಲಿ ಕಂಡುಬರುವ ದೋಷಗಳು ಇಂತಿಷ್ಟೆಂದು ಎಣಿಸಿ ನಿಶ್ಚಯಿಸಲು ಹೋದರೆ ಸಾವಿರ ನಾಲಗೆಯ ವಾಸುಕಿಗೂ ತಿಳಿಯದೆ ಬೇಸರ ಬಂದೀತು, ದೇಸಿಯು ಬೇರೆ ಬೇರೆಯಾಗಿರುತ್ತದಲ್ಲ ಎಂದು ಶ್ರೀವಿಜಯನು ಹೇಳುತ್ತಾನೆ. ಲಕ್ಷಣಗ್ರಂಥವನ್ನು ಬರೆಯಲು ಕುಳಿತವನು, ಗುಣ-ದೋಷಗಳನ್ನು ಎಣಿಸುವದೇ ಕೆಲಸವಾಗಿದ್ದವನು, ನಾಡಿನ ಮಾತುಗಳ ವೈವಿಧ್ಯದ ಎದುರಿಗೆ ಬಂದಾಗ ಲೇಖನಿಯನ್ನು ಕೆಳಗಿಟ್ಟು ಕೈ ಮುಗಿದಂತೆ ಇದೆ. ಹನ್ನೊಂದು ನೂರು ವರುಷಗಳಿಗೂ ಹಿಂದೆ ವಾಸುಕಿಗೆ ಆಗದ ಕೆಲಸವನ್ನು ಇಂದು ಒಂದು ಕೆಂಪು ಸೀಸದಕಡ್ಡಿಯು ಮಾಡಹೊರಟಿರುವದು ವಿಚಿತ್ರವಲ್ಲವೇ?

ಓದು ಬರಹವನ್ನು ಕಲಿಯದೆ ಇದ್ದರೂ ಕಾವ್ಯವನ್ನು ಅರಿತು ಬಳಸಬಲ್ಲ ಬುದ್ಧಿಯುಳ್ಳವರೆಂದು ನಾಡವರನ್ನು ಕವಿರಾಜಮಾರ್ಗವು ಹೊಗಳಿರುವದೂ ಈ ಪದ್ಯಗಳ ಆಸುಪಾಸಿನಲ್ಲಿಯೇ. ಆ ಹೊಗಳಿಕೆಯು ತಿರುಳಿನ ನಾಡಿಗೆ ಮಾತ್ರವೋ ಕಾವೇರಿ-ಗೋದಾವರಿಗಳ ನಡುವಣ ಎಲ್ಲ ನಾಡಿಗೋ ಎಂದು ವಾದ ಮಾಡಬಹುದು. ಎಲ್ಲ ನಾಡಿಗೆಂದೇ ನಾವು ತಿಳಿದಿದ್ದೇವೆ. ಬೀಸುವ ಕಲ್ಲಿನ ಮುಂದೆ ಕುಳಿತು ತ್ರಿಪದಿಯನ್ನು ಕಟ್ಟಿದ ನಮ್ಮ ಅಜ್ಜಿಯರಲ್ಲಿ ಅಕ್ಷರ ಬಲ್ಲವರು ಎಷ್ಟು ಜನ ಇದ್ದರು?

ತಿರುಳ್ಗನ್ನಡವನ್ನು ಅಚ್ಚಗನ್ನಡದೊಡನೆ ಕಲಸಿಬಿಡುವದೂ ಒಂದು ತಪ್ಪು. ಸಂಸ್ಕೃತದ ತತ್ಸಮಗಳನ್ನು ದೂರವಿಟ್ಟು ಕಾವ್ಯ ಬರೆಯುವೆನೆಂದು ಹೊರಟವನು ಆಂಡಯ್ಯ. ಅವನ ಕಬ್ಬಿಗರ ಕಾವ ಬಹಳ ಹಿಂದಿನದಲ್ಲ, 13ನೆಯ ಶತಮಾನದ್ದು. ಅವನಿಗಿಂತ ಮುಂಚೆ 1112ರ ಸುಮಾರಿಗೆ ಮುಳುಗುಂದದ ನಯಸೇನನು ಕನ್ನಡದಲ್ಲಿ ಸಂಸ್ಕೃತವನ್ನು ಅಳತೆಯಿಲ್ಲದೆ ಬೆರಸುವವರನ್ನು ತುಪ್ಪಕ್ಕೆ ಎಣ್ಣೆ ಬೆರಸುವವರೆಂದು ಹಾಸ್ಯ ಮಾಡಿದನು. ಆದರೆ ತಿರುಳಿನ ಕನ್ನಡವೆಂದು ಹೇಳಿಕೊಂಡ ಪಂಪನಲ್ಲಿ ಸಂಸ್ಕೃತ ಶಬ್ದಗಳು ಧಾರಾಳವಾಗಿವೆ. ಶ್ರೀವಿಜಯನೂ ಸಂಸ್ಕೃತವನ್ನು ಬೇಡವೆನ್ನಲಿಲ್ಲ. ಹೊಂದದ ಸಮಾಸಗಳನ್ನು ಮಾಡಬೇಡಿರೆಂದನು, ಹದವನ್ನು ಕೇಳಿದನು. ತಿರುಳೆಂದರೆ ಹೊರಗಿನ ಶಬ್ದಗಳಿಲ್ಲದ ಮಾತೆಂದು ಯಾವ ಹಳೆಯ ಕವಿಯೂ ಹೇಳಿಲ್ಲ.

ಈಗ ಆ ಪಾವಣೇರ ಮಾತಿಗೆ ಬರೋಣ. ಅದು ಮರಾಠಿಯಿಂದ ಬಂದದ್ದೆಂದು ಒಪ್ಪಿದೆವು. ಆದರೆ ನೆರೆಮನೆಯವರ ನಡುವೆ ಕೊಡು-ಕೊಳ್ಳುವಿಕೆಯಿಲ್ಲದೆ ಇರುತ್ತದೆಯೇ? ಮರಾಠಿಗರು ತೂಪ ಎನ್ನುವದು ನಮ್ಮ ತುಪ್ಪವನ್ನೇ. ಅವರ ಅಡಕಿತ್ತಾ ನಮ್ಮ ಅಡಕೊತ್ತಿನ ತಮ್ಮ. ಅವರ ಮನೆಗಳಲ್ಲಿಯೂ ಅಕ್ಕ ಇದ್ದಾಳೆ, ಅಣ್ಣ ಇದ್ದಾನೆ. ತುಪ್ಪವನ್ನು ಕೊಟ್ಟು ಪಾವಣೇರನ್ನು ಕರೆತಂದೆವೆಂದರೆ ಅದರಲ್ಲಿ ನಷ್ಟವೇನೂ ಕಾಣುವದಿಲ್ಲ. ಬೀಗರು ಎಂಬ ಒಳ್ಳೆಯ ಕನ್ನಡ ಶಬ್ದವು ನಮ್ಮಲ್ಲಿ ಉಳಿದಿರುವ ತನಕ ಪಾವಣೇರು ಅತಿಥಿಯಾಗಿ ಇರಲಿ. ಬೀಗರು ಮನೆಬಿಟ್ಟು ಹೋದಾಗ ಚಿಂತೆ ಮಾಡಬೇಕು.

ಇಷ್ಟೆಲ್ಲ ಹೇಳಿದ ಮೇಲೆಯೂ ತಿರುಳು ಒಂದೆಡೆಗೆ ನಿಂತಿತೇ ಎಂದು ಕೇಳಬೇಕು. ನಿಲ್ಲಲಿಲ್ಲ. ಪುಲಿಗೆರೆಯ ಹೆಸರನ್ನೇ ನೋಡಿರಿ. ಪಕಾರವು ಹಕಾರವಾಗಿ ಪುಲಿಯು ಹುಲಿಯಾಯಿತು; ಪುಲಿಗೆರೆಯು ಹುಲಿಗೆರೆಯಾಗಿ, ಆ ಮೇಲೆ ಲಕ್ಷ್ಮೇಶ್ವರವೆಂಬ ಬೇರೆ ಹೆಸರನ್ನೇ ಹೊತ್ತಿತು. ಪಂಪನು ಇಂದು ಲಕ್ಷ್ಮೇಶ್ವರದ ಸಂತೆಗೆ ಬಂದರೆ ಅಲ್ಲಿನ ಮಾತು ಅವನಿಗೆ ಅರ್ಧವೂ ತಿಳಿಯಲಾರದು. ಶ್ರೀವಿಜಯನ ಕಾಲಕ್ಕೇ ಪೞಗನ್ನಡ ಎಂಬ ಮಾತು ಬಳಕೆಯಲ್ಲಿತ್ತು. ಕಾಲವಲ್ಲದ ಕಾಲದಲ್ಲಿ ಅದನ್ನು ಹೇರುವವರ ಬರವಣಿಗೆ ಅವನಿಗೆ ರುಚಿಸಲಿಲ್ಲ. ಇಂದಿನ ಪುಸ್ತಕದ ಕನ್ನಡವಾದರೋ ಮೈಸೂರು-ಬೆಂಗಳೂರುಗಳ ಕಡೆಗೆ ವಾಲಿರುವದು. ಆ ಎರಡೂ ಊರುಗಳು ಕವಿರಾಜಮಾರ್ಗದ ನಾಲ್ಕು ಊರುಗಳ ಗೆರೆಯಿಂದ ನಮಗಿಂತ ಹತ್ತಿರವೇನೂ ಇಲ್ಲ. ಆದಕಾರಣ ತಿರುಳ್ಗನ್ನಡವನ್ನು ರೂಢಿಸಿಕೊಳ್ಳಿರೆಂದು ಒಬ್ಬರಿಗೆ ಬರೆಯುವವರು ಮೊದಲು ತಾವು ಬರೆಯುವ ಕನ್ನಡವು ಯಾವ ಊರಿನದೆಂದು ವಿಚಾರಿಸಿಕೊಳ್ಳುವದು ನ್ಯಾಯ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ನಮ್ಮವರಿಗೂ ಹೇಳಬೇಕಾಗಿದೆ. ಗೋದಾವರಿಯ ಪದ್ಯವನ್ನು ಹಿಡಿದುಕೊಂಡು ನಾಂದೇಡ-ಪೈಠಣಗಳವರೆಗೆ ನೆಲವು ನಮ್ಮದೆನ್ನುವವರು ನಮ್ಮಲ್ಲಿ ಇದ್ದಾರೆ. ಕಾವ್ಯವು ಸಾತ್-ಬಾರಾದ ಉತಾರವಲ್ಲ. ಆ ನದಿಯ ದಂಡೆಯಲ್ಲಿ ಇಂದು ಮರಾಠಿಯು ತಾಯಿನುಡಿ. ಅಲ್ಲಿನ ಮಗುವಿಗೆ ಅದು ಎಷ್ಟು ಪ್ರೀತಿಯದೋ ನಮ್ಮ ಮಗುವಿಗೆ ಕನ್ನಡವೂ ಅಷ್ಟೇ. ಆ ಪದ್ಯದಿಂದ ನಾವು ಕಲಿಯಬೇಕಾದದ್ದು ಬೇರೆ. ಗಡಿ ಎಂಬುದು ಸರಿಯುತ್ತ ಬಂದಿದೆ. ಆ ಹೊತ್ತಿನ ಗೆರೆಯಿಂದ ಅಳೆದರೆ ವಾಗದರಿಯು ಅಂಚಿನ ಊರೇ ಅಲ್ಲ, ಒಳನಾಡಿನ ಊರು. 1956ರ ನವೆಂಬರ 1ರಂದು ರಾಜ್ಯಗಳನ್ನು ಹೊಸದಾಗಿ ವಿಂಗಡಿಸಿದಾಗ ಅಕ್ಕಲಕೋಟೆಯು ಮುಂಬಯಿ ರಾಜ್ಯದಲ್ಲಿಯೇ ಉಳಿಯಿತು. 1960ರ ಮೇ 1ರಿಂದ ಮಹಾರಾಷ್ಟ್ರಕ್ಕೆ ಸೇರಿತು. ಕಾಸರಗೋಡು 1956ರಲ್ಲಿಯೇ ಕೇರಳಕ್ಕೆ ಹೋಯಿತು. ಗೆರೆಯನ್ನು ಎಳೆದ ಮರುದಿನ ನಮ್ಮ ಅಡಿಗೆಮನೆಯ ಮಾತೇನೂ ಬದಲಾಗಲಿಲ್ಲ. ಬದಲಾದದ್ದು ನಮ್ಮ ಮಾತನ್ನು ಕೇಳುವವರ ಕಿವಿ.

ನಮ್ಮ ಜಿಲ್ಲೆಯಲ್ಲಿ ಭೀಮೆ-ಸೀನೆಗಳು ಕೂಡುವ ಸ್ಥಳಕ್ಕೆ ಹತ್ತರಸಂಗ-ಕೂಡಲ ಎಂದು ಹೆಸರು. ಮರಾಠಿಯ ಅತ್ಯಂತ ಹಳೆಯ ಶಾಸನಗಳಲ್ಲಿ ಒಂದೆಂದು ಎಣಿಸುವ, ಶಕ 940ರ ಅಂದರೆ ಕ್ರಿ.ಶ. 1018ರ ಬರಹವು ದೊರೆತಿರುವದು ಅಲ್ಲಿಯೇ. ಆ ಊರಿನ ಹೆಸರು ಮಾತ್ರ ಕನ್ನಡದ ಕೂಡಲ, ಬಸವಣ್ಣನವರ ಕೂಡಲಸಂಗಮದ ಕೂಡಲ. ಮರಾಠಿಯ ತೊಟ್ಟಿಲನ್ನು ಕನ್ನಡದ ಹೆಸರಿನ ಊರಿನಲ್ಲಿ ಕಟ್ಟಿದ್ದರು ಎಂದರೆ ಎರಡೂ ಭಾಷೆಯವರು ಸಂತೋಷಪಡಬೇಕೇ ಹೊರತು ಜಗಳವಾಡಬಾರದು. ಸೊಲ್ಲಾಪುರ ಜಿಲ್ಲೆಯ ಶಾಸನಗಳನ್ನು ಶ್ರೀನಿವಾಸ ರಿತ್ತಿ ಹಾಗೂ ಆನಂದ ಕುಂಭಾರ ಇವರು ಸಂಪಾದಿಸಿ ಪ್ರಕಟಿಸಿದ್ದಾರೆ. ಅವುಗಳಲ್ಲಿ ಕನ್ನಡದವು ಎಷ್ಟಿವೆಯೆಂಬುದನ್ನು ನಮ್ಮ ಕಾಲೇಜಿನ ಹುಡುಗರು ಒಮ್ಮೆ ನೋಡಲಿ. ಪಂಢರಪುರದ ವಿಠ್ಠಲನನ್ನೇ ಜ್ಞಾನೇಶ್ವರರ ಹೆಸರಿನ ಅಭಂಗವು ಕಾನಡಾ ಎಂದು ಕರೆದಿದೆ.

ಸೊನ್ನಲಿಗೆಯ ಸಿದ್ಧರಾಮರ ವಿಷಯವನ್ನು ನಮ್ಮ ಜನರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಸಂಕ್ರಾಂತಿಯ ಜಾತ್ರೆಗೆ ಪ್ರತಿ ವರುಷ ಹೋಗಿ ನಂದಿಧ್ವಜಗಳನ್ನು ಕಂಡು ಬರುತ್ತೇವೆ. 12ನೆಯ ಶತಮಾನದಲ್ಲಿ ಕೆರೆಯನ್ನು ಕಟ್ಟಿಸಿದ ಆ ಶಿವಯೋಗಿಯು ಕಪಿಲಸಿದ್ಧಮಲ್ಲಿಕಾರ್ಜುನ ಎಂಬ ಅಂಕಿತದಿಂದ ವಚನಗಳನ್ನು ಹಾಡಿದ್ದು ಕನ್ನಡದಲ್ಲಿ, ಇದೇ ನೆಲದ ಕನ್ನಡದಲ್ಲಿ. ಅವರ ಕಥೆಯನ್ನು ರಾಘವಾಂಕನು ಹಾಡಿದ್ದು ಸರಿಯೇ. ನಾವು ಇಲ್ಲಿ ನೆನೆಯಬೇಕೆಂದದ್ದು ಜಯದೇವಿತಾಯಿ ಲಿಗಾಡೆಯವರನ್ನು. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಈ ತಾಯಿಯ ಶಾಲೆಯ ಓದು ಮರಾಠಿಯಲ್ಲಿ ಆಯಿತು. ಕನ್ನಡವನ್ನು ಅವರು ಬಳಿಕ ಪ್ರಯತ್ನದಿಂದ ಕಲಿತರು. ಕಲಿತು ಏನು ಮಾಡಿದರು? ವಚನಗಳನ್ನು ಮರಾಠಿಗೆ ಕೊಟ್ಟರು. ಕನ್ನಡಕ್ಕೆ ಸಿದ್ಧರಾಮ ಪುರಾಣವನ್ನು ಕೊಟ್ಟರು, ಅದೂ ಬೀಸುವ ಕಲ್ಲಿನ ತ್ರಿಪದಿಯಲ್ಲಿ! 1974ರಲ್ಲಿ ಮಂಡ್ಯದಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆ ಪೀಠದಲ್ಲಿ ಕುಳಿತ ಮೊದಲ ಮಹಿಳೆ. ಅಂಚಿನ ಊರಿನಿಂದ, ಮರಾಠಿ ಶಾಲೆಯಿಂದ, ಹೆಂಗಸರ ಹಾಡಿನ ಛಂದಸ್ಸಿನಿಂದ ಬಂದ ಕನ್ನಡವನ್ನು ಮಂಡ್ಯದ ಜನ ಎದ್ದು ನಿಂತು ಗೌರವಿಸಿದರಲ್ಲ, ಅದು ತಿರುಳೋ ಸಿಪ್ಪೆಯೋ?

ಬೇಂದ್ರೆಯವರ ಮನೆಮಾತು ಮರಾಠಿಯೆಂಬುದೂ, ಅವರು 1944ರಿಂದ 1956ರ ತನಕ ಸೊಲ್ಲಾಪುರದ ಡಿ. ಎ. ವ್ಹಿ. ಕಾಲೇಜಿನಲ್ಲಿ ಕನ್ನಡದ ಪ್ರಾಧ್ಯಾಪಕರಾಗಿದ್ದರೆಂಬುದೂ ತಮಗೆ ಗೊತ್ತು. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕನ್ನಡದ ತಿರುಳನ್ನು ದಪ್ಪಗೊಳಿಸಿದವರನ್ನು ಎಣಿಸುತ್ತ ಹೋದರೆ ಅಂಚಿನವರ ಹೆಸರುಗಳೇ ಒಂದರ ಹಿಂದೆ ಒಂದು ಬರುತ್ತವೆ.

ಒಂದು ಪಕ್ಕದ ಮಾತು. ಪುಲಿಗೆರೆ ಎಂದರೆ ಹುಲಿಯ ಕೆರೆ. ನಮ್ಮೂರ ಹೆಸರಿನ ಮೊದಲ ಭಾಗವನ್ನು ಮರಾಠಿಯ ವಾಘ ಎಂದು ತಿಳಿದರೆ ಅದೂ ಹುಲಿಯೇ. ದರಿ ಎಂಬುದು ಕಂದರ, ಗಿರಿದರಿ ಎಂದು ನಮ್ಮ ಕವಿಗಳು ಜೋಡಿಸಿ ಹೇಳುವ ಸಂಸ್ಕೃತದ ದರಿ. ಹಾಗೆ ಒಪ್ಪಿದರೆ ತಿರುಳಿನ ಊರೂ ಅಂಚಿನ ಊರೂ ಎರಡೂ ಹುಲಿಯ ಊರುಗಳೇ ಆದವು. ಇದನ್ನು ಬಾಲಕಿಗೆ ಹೇಳಿದಾಗ ಅವಳು ಮೊದಲ ಸಲ ನಕ್ಕಳು.

ಆದರೆ ತಪ್ಪೆಲ್ಲ ಪರೀಕ್ಷಕರದೇ ಎಂದು ನಾವು ಹೇಳಿ ಕೈ ತೊಳೆದುಕೊಳ್ಳಲಾರೆವು. ಆ ಹಾಳೆಯನ್ನು ಹಿಡಿದುಕೊಂಡು ನಾಲ್ಕು ಮನೆಗಳಿಗೆ ಹೋದೆವು. ಹಗೇವು ಎಂದರೇನೆಂದು ತಿಳಿದಿದ್ದವರು ಮುದುಕರು ಮಾತ್ರ. ನಲವತ್ತರ ಕೆಳಗಿನವರು ಹಗೇವನ್ನು ಕಂಡೂ ಇಲ್ಲ, ಕೇಳಿಯೂ ಇಲ್ಲ. ಜೋಳವು ಈಗ ಚೀಲದಲ್ಲಿ ಬಂದು ಚೀಲದಲ್ಲಿ ಹೋಗುತ್ತದೆ. ಹಗೇವಿನ ಬಾಯನ್ನು ಮುಚ್ಚಿ ಮಣ್ಣೆಳೆದಂತೆ ಆ ಶಬ್ದದ ಮೇಲೆಯೂ ಮಣ್ಣೆಳೆದವರು ನಾವೇ. ಒಬ್ಬ ತಂದೆಯಂತೂ, ಇಂಥ ಹಳ್ಳಿಯ ಮಾತನ್ನು ಬರೆದದ್ದಕ್ಕೇ ಬಹುಮಾನ ತಪ್ಪಿತೆಂದು ಮಗಳನ್ನೇ ಗದರಿಸಿದನು. ಪುಣೆಯಲ್ಲಿರುವ ಪಠ್ಯಪುಸ್ತಕ ಮಂಡಳವು, ಬಾಲಭಾರತಿಯು, ಕನ್ನಡದಲ್ಲಿಯೂ ಪುಸ್ತಕಗಳನ್ನು ಅಚ್ಚು ಮಾಡಿಸುತ್ತದೆ. ಆ ಪುಸ್ತಕಗಳು ನಮ್ಮ ಶಾಲೆಗಳಿಗೆ ಬರುತ್ತವೆ. ಆದರೆ ಹಗೇವು, ಎರಿ, ಸೀತನಿಗಳನ್ನು ಯಾವ ಮಂಡಳವೂ ತಂದುಕೊಡಲಾರದು. ಅವು ಅಜ್ಜಿಯ ಬಾಯಿಂದ ಬಂದರೆ ಬಂದವು, ಇಲ್ಲದಿದ್ದರೆ ಇಲ್ಲ. ನಮ್ಮ ಕನ್ನಡವೇ ತಿರುಳೆಂದು ನಾವು ಹೇಳಹೊರಟಿಲ್ಲ. ಹಾಗೆ ಹೇಳಿದರೆ ಕೆಂಪು ಶಾಯಿಯವರು ಮಾಡಿದ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ. ಶ್ರೀವಿಜಯನು ಕನ್ನಡಂಗಳ್ ಎಂದು ಎಣಿಸದೆ ಬಿಟ್ಟನಲ್ಲ, ಅದರಲ್ಲಿ ನಮ್ಮದೂ ಒಂದು ಎಂದಷ್ಟೇ ಹೇಳುತ್ತೇವೆ. ಎಣಿಕೆಯಲ್ಲಿ ಇರಬೇಕಾದರೆ ಅದು ಬಾಯಲ್ಲಿ ಇರಬೇಕು.

ಆ ಪರೀಕ್ಷಕರಿಗೆ ಒಂದು ಕಾಗದವನ್ನು ಬರೆದಿದ್ದೇವೆ. ಬೈದು ಬರೆದಿಲ್ಲ. ಮೂರು ಶಬ್ದಗಳ ನಿಘಂಟಿನ ಅರ್ಥಗಳನ್ನು ಕೊಟ್ಟು, ನಾಲ್ಕನೆಯದನ್ನು ಒಪ್ಪಿಕೊಂಡು, ಅಂಕಗಳನ್ನು ತಿದ್ದಬೇಕೆಂದು ಕೇಳಿಕೊಳ್ಳದೆ, ಆ ಮಗುವಿಗೆ ಎರಡು ಸಾಲನ್ನು ಬರೆಯಬೇಕೆಂದು ಮಾತ್ರ ಕೇಳಿಕೊಂಡಿದ್ದೇವೆ. ಉತ್ತರವು ಇನ್ನೂ ಬಂದಿಲ್ಲ.

ಇತ್ತ ಬಾಲಕಿಯು ಒಂದು ನೋಟುಬುಕ್ಕನ್ನು ಹಿಡಿದಿದ್ದಾಳೆ. ಸಂಜೆಗೆ ಮುದುಕ-ಮುದುಕಿಯರ ಹತ್ತಿರ ಕುಳಿತು ಹೊಲ, ಕಣ, ಎತ್ತು, ಅಡಿಗೆ, ಮಳೆಗಳಿಗೆ ಸಂಬಂಧಪಟ್ಟ ಶಬ್ದಗಳನ್ನು ಬರೆದುಕೊಳ್ಳುತ್ತಾಳೆ. ಮರಾಠಿಯಿಂದ ಬಂದವುಗಳ ಮುಂದೆ ಚುಕ್ಕಿಯನ್ನು ಇಡುತ್ತಾಳೆ, ಗೆರೆಯನ್ನಲ್ಲ. ಮೊದಲ ಹಾಳೆಯಲ್ಲಿ ಹಗೇವು ಇದೆ; ಅದರ ಕೆಳಗೆ ಹಗೇವಿಗೆ ಇಳಿಯುವ ಮುಂಚೆ ಒಳಗಿನ ಕೆಟ್ಟ ಗಾಳಿಯು ಹೋಗಲೆಂದು ಎಷ್ಟು ಹೊತ್ತು ಬಾಯಿ ತೆರೆದಿಡಬೇಕೆಂಬುದನ್ನು ಒಬ್ಬ ಅಜ್ಜನು ಹೇಳಿದ್ದನ್ನು ಬರೆದಿದ್ದಾಳೆ. ಯಾರ ಮನೆಯಲ್ಲಾದರೂ ಇಂಥ ಶಬ್ದಗಳು ಉಳಿದಿದ್ದರೆ ಶಾಲೆ ಬಿಟ್ಟ ಮೇಲೆ ಅವಳನ್ನು ಕರೆದು ಹೇಳಿರಿ. ನೋಟುಬುಕ್ಕಿನಲ್ಲಿ ಇನ್ನೂ ಹಾಳೆಗಳಿವೆ.